ಇಂಗ್ಲೆಂಡಿನ ಶಾಲೋಪಾಧ್ಯಾಯರ ಶೀಘ್ರ ಬಡ್ತಿಯ ಯೋಜನೆಗಳು: ೧೮೪೬ರಿಂದ ೨೦೨೪ರವರೆಗಿನ ಒಂದು ಸಮೀಕ್ಷೆ

೧

ಪಠ್ಯಕ್ರಮ, ಪಠ್ಯಪುಸ್ತಕ, ಬೋಧನಾ ಭಾಷೆ ಮೊದಲಾದುವನ್ನು ಕುರಿತು ವಿದ್ಯಾಭ್ಯಾಸದ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಆದರೆ ಉಪಾಧ್ಯಾಯನಾದವನು ತನ್ನ ವೃತ್ತಿಯಲ್ಲಿ ಮೇಲೇರುವುದು ಹೇಗೆ, ಅವನ ಯೋಗ್ಯತೆಯನ್ನು ಅಳೆಯುವವರು ಯಾರು, ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆಗಳಿಗೆ ದೊರೆತಿರುವ ಗಮನ ಕಡಮೆ. ಈ ಪ್ರಶ್ನೆಗಳು ಕೇವಲ ಸಂಬಳ ಸಾರಿಗೆಯ ಪ್ರಶ್ನೆಗಳೆಂದು ತಳ್ಳಿಹಾಕತಕ್ಕವುಗಳಲ್ಲ. ಒಂದು ಸಮಾಜವು ಒಳ್ಳೆಯ ಉಪಾಧ್ಯಾಯನೆಂದು ಯಾರನ್ನು ಕರೆಯುತ್ತದೆ ಎಂಬುದು ಅದರ ಭಾಷಣಗಳಿಗಿಂತ ಅದರ ಬಡ್ತಿಯ ನಿಯಮಗಳಲ್ಲಿ ಹೆಚ್ಚು ಸ್ಪಷ್ಟವಾಗಿ ವ್ಯಕ್ತವಾಗುತ್ತದೆ.

ಇಂಗ್ಲೆಂಡಿನಲ್ಲಿ ೨೦೦೦ನೆಯ ಇಸವಿಯ ಸುಮಾರಿಗೆ ‘ಫಾಸ್ಟ್ ಟ್ರ್ಯಾಕ್’ ಎಂಬ ಹೆಸರಿನ ಯೋಜನೆಯೊಂದು ಆರಂಭವಾಯಿತು. ಪ್ರತಿಭಾವಂತರಾದ ಉಪಾಧ್ಯಾಯರನ್ನು ಆರಿಸಿ, ಇತರರಿಗೆ ಹಿಡಿಯುವುದಕ್ಕಿಂತ ಕಡಮೆ ಕಾಲದಲ್ಲಿ ಅವರನ್ನು ಉನ್ನತ ಸ್ಥಾನಗಳಿಗೆ ಏರಿಸುವುದು ಅದರ ಉದ್ದೇಶವಾಗಿತ್ತು. ಅದು ಹೊಸ ಯುಗದ ಹೊಸ ಕಲ್ಪನೆಯೆಂದು ಆಗ ಪ್ರಚಾರವಾಯಿತು. ಆದರೆ ಉಪಾಧ್ಯಾಯರೊಳಗೆ ಸಮರ್ಥರನ್ನು ಬೇರ್ಪಡಿಸಿ ಹಣ ಮತ್ತು ಪದವಿಗಳ ಮೂಲಕ ಮುಂದೆ ತರುವ ಪ್ರಯತ್ನಕ್ಕೆ ಆ ದೇಶದಲ್ಲಿ ಅದಕ್ಕೆ ಮೊದಲೇ ಒಂದೂವರೆ ಶತಮಾನದ ಚರಿತ್ರೆಯಿತ್ತು. ಆ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸಿ, ಅದರಿಂದ ಹೊರಡುವ ಕೆಲವು ತೀರ್ಮಾನಗಳನ್ನು ವಿದ್ವಾಂಸರ ಮುಂದಿಡುವುದು ಪ್ರಕೃತ ಪ್ರಬಂಧದ ಉದ್ದೇಶ.

೨

ಈ ಚರಿತ್ರೆಯ ಮೊದಲ ಅಧ್ಯಾಯ ನಮ್ಮ ನೆಲದೊಡನೆ ಸಂಬಂಧ ಪಡೆದಿದೆ. ಆಂಡ್ರೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿಯು ೧೭೮೭ರಲ್ಲಿ ಮದರಾಸಿಗೆ ಬಂದು, ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದನು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಅವನು ಕಂಡನು. ತನ್ನ ಶಾಲೆಯ ಅಕ್ಷರಾಭ್ಯಾಸದ ತರಗತಿಯನ್ನು ಎಂಟು ವರ್ಷದ ಫ್ರಿಸ್ಕೆನ್ ಎಂಬ ಹುಡುಗನೊಬ್ಬನಿಗೆ ಒಪ್ಪಿಸಿದನು. ಈ ಪ್ರಯೋಗದ ವಿವರವನ್ನು ಅವನು ೧೭೯೭ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದಮೇಲೆ ‘ಮದರಾಸು ಪದ್ಧತಿ’ಯೆಂಬ ಹೆಸರು ಇಂಗ್ಲೆಂಡಿನಲ್ಲಿ ಹರಡಿತು. ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ಹೇಳಿಕೊಡುವ ಕ್ರಮ ನಮ್ಮ ಕೂಲಿಮಠಗಳಲ್ಲಿ ರೂಢಿಯಲ್ಲಿದ್ದುದೇ ಆಗಿತ್ತು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ೧೮೨೩ರಲ್ಲಿ ಮದರಾಸು ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ತನ್ನ ಜಿಲ್ಲೆಯ ೫೩೩ ಶಾಲೆಗಳನ್ನು ವರ್ಣಿಸುತ್ತ, ಈ ಕ್ರಮವನ್ನು ಮೆಚ್ಚಿ ಇದು ಇಂಗ್ಲೆಂಡಿನಲ್ಲಿ ಅನುಕರಣಗೊಂಡಿತೆಂಬುದನ್ನೂ ಹೇಳಿದ್ದಾನೆ.

ಆದರೆ ಮಾನಿಟರ್ ಹುಡುಗನಿಗೆ ಮುಂದೇನು ಎಂಬುದಕ್ಕೆ ಮದರಾಸು ಪದ್ಧತಿಯಲ್ಲಿ ಉತ್ತರವಿರಲಿಲ್ಲ. ಅವನು ತನಗೆ ಗೊತ್ತಿದ್ದಷ್ಟನ್ನು ಹೇಳಿಕೊಟ್ಟು, ಸ್ವಲ್ಪ ದೊಡ್ಡವನಾದೊಡನೆ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದನು. ಈ ಕೊರತೆಯನ್ನು ಮನಗಂಡವನು, ೧೮೩೯ರಲ್ಲಿ ಸ್ಥಾಪಿತವಾದ ಪ್ರಿವಿ ಕೌನ್ಸಿಲಿನ ವಿದ್ಯಾಭ್ಯಾಸ ಸಮಿತಿಯ ಕಾರ್ಯದರ್ಶಿ ಜೇಮ್ಸ್ ಕೇ-ಷಟಲ್‌ವರ್ತ್. ಅವನ ಪ್ರೇರಣೆಯಿಂದ ೧೮೪೬ರಲ್ಲಿ ‘ವಿದ್ಯಾರ್ಥಿ-ಉಪಾಧ್ಯಾಯ’ ಪದ್ಧತಿ ಜಾರಿಗೆ ಬಂದಿತು.

ಈ ಪದ್ಧತಿಯ ರಚನೆ ಗಮನಾರ್ಹವಾದುದು. ಹದಿಮೂರು ವರ್ಷದ ಹುಡುಗ ಅಥವಾ ಹುಡುಗಿಯು ಐದು ವರ್ಷಗಳ ಕಾಲ ಮುಖ್ಯೋಪಾಧ್ಯಾಯನ ಕೈಕೆಳಗೆ ಅಭ್ಯಾಸಿಯಾಗಿ ಸೇರಬೇಕು. ಹಗಲು ಪಾಠ ಹೇಳಬೇಕು. ಶಾಲೆಯ ವೇಳೆಗೆ ಹೊರತಾಗಿ ತಾನು ಪಾಠ ಹೇಳಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಸರಕಾರದ ತನಿಖಾಧಿಕಾರಿಯ ಪರೀಕ್ಷೆಗೆ ಒಳಗಾಗಬೇಕು. ಮೊದಲ ವರ್ಷ ೧೦ ಪೌಂಡುಗಳ ವೇತನ. ಪ್ರತಿವರ್ಷ ಎರಡೂವರೆ ಪೌಂಡು ಏರಿ ಐದನೆಯ ವರ್ಷ ೨೦ ಪೌಂಡು. ಅನಂತರ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದವರಿಗೆ ರಾಣಿಯ ಹೆಸರಿನ ವಿದ್ಯಾರ್ಥಿವೇತನ, ತರಬೇತಿ ಕಾಲೇಜು, ಪ್ರಮಾಣಪತ್ರ. ಪ್ರಮಾಣಪತ್ರ ಪಡೆದ ಉಪಾಧ್ಯಾಯನಿಗೆ ಶಾಲೆಯವರು ಕೊಡುವ ಸಂಬಳದ ಮೇಲೆ ಸರಕಾರವೇ ವರ್ಷಕ್ಕೆ ೧೫ರಿಂದ ೩೦ ಪೌಂಡುಗಳವರೆಗೆ ಸಹಾಯಧನ ಕೊಡುತ್ತಿತ್ತು. ಮಹಿಳೆಯರಿಗೆ ಅದರ ಮೂರರಲ್ಲಿ ಎರಡು ಪಾಲು ಮಾತ್ರ. ಅಭ್ಯಾಸಿಗೆ ಪಾಠ ಹೇಳಿದ ಮುಖ್ಯೋಪಾಧ್ಯಾಯನಿಗೂ ಪ್ರತ್ಯೇಕ ಸಂಭಾವನೆಯಿತ್ತು.

ಬಡ ಕಾರ್ಮಿಕನ ಮಗನು ಹತ್ತು ವರ್ಷಗಳೊಳಗೆ ಪ್ರಮಾಣಪತ್ರವುಳ್ಳ ಉಪಾಧ್ಯಾಯನಾಗುವಂತೆ ಮಾಡಿದ ಈ ಏಣಿಯು ಅಂದಿನ ಇಂಗ್ಲೆಂಡಿನಲ್ಲಿ ಅಪೂರ್ವವಾದುದಾಗಿತ್ತು. ಇದರಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಬಡ್ತಿಯು ಉಪಾಧ್ಯಾಯನ ಸ್ವಂತ ಕಲಿಕೆಯನ್ನು ಅನುಸರಿಸಿ ಬರುತ್ತಿತ್ತು; ಮೇಲೇರಿದವನು ತರಗತಿಯಲ್ಲಿಯೇ ಉಳಿಯುತ್ತಿದ್ದನು. ಆದರೆ ಏಣಿಯ ತುದಿ ಮುಚ್ಚಿತ್ತು. ತನಿಖಾಧಿಕಾರಿಯ ಹುದ್ದೆ ಬಹುಮಟ್ಟಿಗೆ ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳ ಪದವೀಧರರಿಗೆ ಮೀಸಲಾಗಿದ್ದಿತು. ಬಡವರ ಮಕ್ಕಳಿಗೆ ಪಾಠ ಹೇಳಿದವನು ಆ ಪಾಠದ ಗುಣವನ್ನು ನಿರ್ಣಯಿಸುವ ಸ್ಥಾನಕ್ಕೆ ಏರುವುದು ಅತಿ ವಿರಳವಾಗಿತ್ತು.

೩

೧೮೫೦ರ ದಶಕದಲ್ಲಿ ವಿದ್ಯಾಭ್ಯಾಸದ ವೆಚ್ಚ ಬೆಳೆಯುತ್ತ ಬಂದು, ಅದರ ಫಲವೇನೆಂಬ ಪ್ರಶ್ನೆ ಪಾರ್ಲಿಮೆಂಟಿನಲ್ಲಿ ಎದ್ದಿತು. ೧೮೫೮ರಲ್ಲಿ ನೇಮಕವಾದ ನ್ಯೂಕ್ಯಾಸಲ್ ಆಯೋಗವು ೧೮೬೧ರಲ್ಲಿ ವರದಿಯನ್ನೊಪ್ಪಿಸಿತು. ಅದನ್ನಾಧರಿಸಿ, ವಿದ್ಯಾಭ್ಯಾಸ ಸಮಿತಿಯ ಉಪಾಧ್ಯಕ್ಷ ರಾಬರ್ಟ್ ಲೋ ಎಂಬವನು ೧೮೬೨ರಲ್ಲಿ ‘ಪರಿಷ್ಕೃತ ಸಂಹಿತೆ’ಯನ್ನು ಜಾರಿಗೆ ತಂದನು. ‘ಫಲಾನುಸಾರ ವೇತನ’ವೆಂದು ಪ್ರಸಿದ್ಧವಾದುದು ಇದೇ.

ಇದರ ಲೆಕ್ಕಾಚಾರ ಸರಳ. ಆರು ವರ್ಷ ಮೀರಿದ ಪ್ರತಿಯೊಂದು ಮಗುವಿನ ಮೇಲೆ ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ ೧೨ ಷಿಲ್ಲಿಂಗು ದೊರೆಯಬಹುದು. ಅದರಲ್ಲಿ ೪ ಷಿಲ್ಲಿಂಗು ಹಾಜರಿಗೆ, ೮ ಷಿಲ್ಲಿಂಗು ಪರೀಕ್ಷೆಗೆ. ಓದು, ಬರಹ, ಲೆಕ್ಕ ಈ ಮೂರರಲ್ಲಿ ಮಗುವು ಒಂದರಲ್ಲಿ ತಪ್ಪಿದರೆ ೨ ಷಿಲ್ಲಿಂಗು ೮ ಪೆನ್ಸು ಕಡಿತ. ಉಪಾಧ್ಯಾಯನಿಗೆ ನೇರವಾಗಿ ಸಲ್ಲುತ್ತಿದ್ದ ಸಹಾಯಧನ ನಿಂತುಹೋಯಿತು. ಹಣವೆಲ್ಲ ಶಾಲೆಯ ವ್ಯವಸ್ಥಾಪಕರ ಕೈಗೆ ಸೇರಿ, ಉಪಾಧ್ಯಾಯನು ಅವರೊಡನೆ ಚೌಕಾಸಿ ಮಾಡಿಕೊಳ್ಳಬೇಕಾಯಿತು. ವಿದ್ಯಾರ್ಥಿ-ಉಪಾಧ್ಯಾಯರ ವೇತನವನ್ನೂ ಸರಕಾರ ಕೈಬಿಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅವರ ಸಂಖ್ಯೆ ಗಣನೀಯವಾಗಿ ಇಳಿಯಿತು.

ಲೋನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಸಾರ್ವಜನಿಕರ ಹಣಕ್ಕೆ ಸಾರ್ವಜನಿಕ ಲೆಕ್ಕ ಬೇಕು. ಹಿಂದುಳಿದ ಮಗುವನ್ನು ಕಡೆಗಣಿಸಿ ಚುರುಕಾದ ನಾಲ್ವರನ್ನು ಪ್ರದರ್ಶಿಸುವ ಉಪಾಧ್ಯಾಯನಿಗೆ ಕಡಿವಾಣ ಬೇಕು. ಆದರೆ ಶಾಲೆಗಳಲ್ಲಿ ನಡೆದುದು ಬೇರೆ. ಪರೀಕ್ಷೆಯಿಲ್ಲದ ವಿಷಯಗಳಾದ ಚರಿತ್ರೆ ಭೂಗೋಳಗಳು ಮೂಲೆಗೆ ಬಿದ್ದುವು. ಓದುವ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡಿ, ಕಣ್ಣನ್ನು ಪುಟದ ಮೇಲೆ ನಿಲ್ಲಿಸಿ ಒಪ್ಪಿಸತೊಡಗಿದರು. ತನಿಖಾಧಿಕಾರಿಯು ಬರುವ ದಿನವೇ ಇಡೀ ವರ್ಷದ ಕೇಂದ್ರಬಿಂದುವಾಯಿತು. ಅದೇ ಸಂಹಿತೆಯ ಪ್ರಕಾರ ಮುಖ್ಯೋಪಾಧ್ಯಾಯರು ಬರೆದಿಡಬೇಕಾಗಿದ್ದ ದಿನಚರಿ ಪುಸ್ತಕಗಳು ಈ ಕಾಲದ ಇತಿಹಾಸಕ್ಕೆ ನಮಗೆ ದೊರೆತ ಅಮೂಲ್ಯವಾದ ಆಕರಗಳು.

ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಾಲ್ಡನು ೧೮೫೧ರಿಂದ ೧೮೮೬ರವರೆಗೆ ಶಾಲಾ ತನಿಖಾಧಿಕಾರಿಯಾಗಿದ್ದನು. ತನ್ನ ಇಲಾಖೆಯ ಈ ನೀತಿಯನ್ನು ಅವನು ೧೮೬೨ರಲ್ಲಿಯೇ ಪತ್ರಿಕೆಯಲ್ಲಿ ಖಂಡಿಸಿ ಬರೆದನು. ಸರಕಾರಿ ನೌಕರನೊಬ್ಬನ ಈ ಧೈರ್ಯ ಸಾಮಾನ್ಯವಾದುದಲ್ಲ. ತನಿಖಾಧಿಕಾರಿಗಳ ವರದಿಗಳನ್ನು ಇಲಾಖೆಯು ತಿದ್ದಿ ಕತ್ತರಿಸುತ್ತದೆಂಬ ಆಪಾದನೆಯ ಮೇಲೆ ೧೮೬೪ರಲ್ಲಿ ಲೋ ರಾಜೀನಾಮೆ ಕೊಡಬೇಕಾಯಿತು. ಅನಂತರ ನಡೆದ ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೆ ಅವನ ಸಂಹಿತೆ ಅವನಿಗಿಂತ ದೀರ್ಘಕಾಲ ಬಾಳಿ, ೧೮೯೦ರ ದಶಕದಲ್ಲಿ ಕ್ರಮೇಣ ಕೊನೆಗೊಂಡಿತು. ಮುಖ್ಯ ತನಿಖಾಧಿಕಾರಿಯಾಗಿ ನಿವೃತ್ತನಾದ ಎಡ್ಮಂಡ್ ಹೋಮ್ಸನು ೧೯೧೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯಾಂತ್ರಿಕ ಬೋಧನೆಯ ರೂಢಿ ಅದರ ಕಾರಣ ಹೋದಮೇಲೂ ಉಳಿದುದನ್ನು ಎತ್ತಿ ತೋರಿಸಿದನು. ಮೂವತ್ತು ವರ್ಷ ಒಂದು ಅಳತೆಗೋಲಿನ ಕೆಳಗೆ ದುಡಿದ ಉಪಾಧ್ಯಾಯನ ಕೈ, ಕೋಲನ್ನು ತೆಗೆದುಹಾಕಿದ ಮಾತ್ರಕ್ಕೆ ಸಡಿಲವಾಗಲಿಲ್ಲ.

ಈ ಪದ್ಧತಿ ಸಮುದ್ರವನ್ನು ದಾಟಿ ನಮ್ಮಲ್ಲಿಗೂ ಬಂದಿತು. ೧೮೫೪ರ ವುಡ್ ನಿರೂಪವು ವಿದ್ಯಾರ್ಥಿ-ಉಪಾಧ್ಯಾಯ ಪದ್ಧತಿಯನ್ನೂ ಸಹಾಯಧನವನ್ನೂ ಶಿಫಾರಸು ಮಾಡಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳು ಫಲಾನುಸಾರ ಸಹಾಯಧನದ ನಿಯಮಗಳನ್ನು ಮಾಡಿದುವು. ಅಂದಮೇಲೆ ಧಾರವಾಡ ಮತ್ತು ವಿಜಾಪುರ ಒಂದು ಕಡೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಇನ್ನೊಂದು ಕಡೆ ಇದರ ವ್ಯಾಪ್ತಿಗೆ ಸೇರಿದ ಪ್ರದೇಶಗಳು. ಮರಳಿನ ಮೇಲೆ ಬರೆಯುವ ನಮ್ಮ ಕ್ರಮವನ್ನು ಕೊಂಡೊಯ್ದವರು, ತಲೆಯೆಣಿಸಿ ಕಾಸು ಕೊಡುವ ಕ್ರಮವನ್ನು ಮರಳಿ ಕಳುಹಿಸಿಕೊಟ್ಟರು. ಕರ್ಜನನ ಕಾಲದ ೧೯೦೪ರ ವಿದ್ಯಾಭ್ಯಾಸ ನಿರ್ಣಯದೊಂದಿಗೆ ಇಲ್ಲಿಯೂ ಅದಕ್ಕೆ ತೆರೆಬಿದ್ದಿತು.

೪

ಇಪ್ಪತ್ತನೆಯ ಶತಮಾನದ ಉಪಾಧ್ಯಾಯರು ಫಲಾನುಸಾರ ವೇತನದ ನೆನಪನ್ನು ಮರೆತಿರಲಿಲ್ಲ. ೧೮೭೦ರಲ್ಲಿ ಸ್ಥಾಪಿತವಾಗಿ ೧೮೮೯ರಿಂದ ರಾಷ್ಟ್ರೀಯ ಉಪಾಧ್ಯಾಯರ ಸಂಘವೆಂದು ಹೆಸರಾದ ಸಂಸ್ಥೆಯು ಬಹುಕಾಲ ಹೋರಾಡಿದುದು ಎಲ್ಲರಿಗೂ ನಿಶ್ಚಿತವಾದ ವೇತನಶ್ರೇಣಿಗಾಗಿ. ೧೯೧೯ರಲ್ಲಿ ಬರ್ನ್‌ಹ್ಯಾಮ್ ಸಮಿತಿ ರಚಿತವಾಗಿ, ಉಪಾಧ್ಯಾಯರ ಮತ್ತು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಒಂದೇ ಮೇಜಿನ ಎರಡು ಪಕ್ಕಗಳಲ್ಲಿ ಕುಳಿತು ಸಂಬಳವನ್ನು ಗೊತ್ತುಮಾಡುವ ಕ್ರಮ ಬಂದಿತು. ಸೇವೆಯ ವರ್ಷಗಳಿಗನುಸಾರವಾಗಿ ಬಡ್ತಿ; ತನಿಖಾಧಿಕಾರಿಯ ದಯೆಯೂ ಬೇಡ, ಮಗುವಿನ ತಪ್ಪುಲೆಕ್ಕದ ಭಯವೂ ಬೇಡ. ಆರ್ಥಿಕ ಮುಗ್ಗಟ್ಟಿನ ೧೯೩೧ರಲ್ಲಿ ಶೇಕಡ ೧೦ರ ಕಡಿತವನ್ನು ಅನುಭವಿಸಿದರೂ ಈ ಶ್ರೇಣಿಯನ್ನು ಉಪಾಧ್ಯಾಯರು ತಮ್ಮ ಗೌರವದ ಕೋಟೆಯೆಂದೇ ಭಾವಿಸಿದರು. ೧೯೪೪ರ ಶಾಸನದಿಂದ ಅದಕ್ಕೆ ಕಾನೂನಿನ ಬಲವೂ ದೊರೆಯಿತು.

ಈ ಕೋಟೆಯೊಳಗೂ ಒಂದು ಅಸಮತೆ ಇತ್ತೆಂಬುದನ್ನು ಮರೆಮಾಚಬಾರದು. ಮಹಿಳೆಯರ ವೇತನ ಪುರುಷರದಕ್ಕಿಂತ ಕಡಮೆ. ಮದುವೆಯಾದ ಉಪಾಧ್ಯಾಯಿನಿಯನ್ನು ಕೆಲಸದಿಂದ ಬಿಡಿಸುವ ರೂಢಿ ಅನೇಕ ಕಡೆ ೧೯೪೪ರ ಶಾಸನ ಅದನ್ನು ನಿಷೇಧಿಸುವವರೆಗೂ ಇದ್ದಿತು. ಅದೇ ಶಾಸನದ ಚರ್ಚೆಯಲ್ಲಿ, ಸಮಾನ ವೇತನದ ತಿದ್ದುಪಡಿಯನ್ನು ಕಾಮನ್ಸ್ ಸಭೆ ೧೧೭ಕ್ಕೆ ೧೧೬, ಅಂದರೆ ಒಂದೇ ಮತದ ಅಂತರದಿಂದ ಅಂಗೀಕರಿಸಿತು. ಪ್ರಧಾನಿ ಚರ್ಚಿಲ್ಲನು ಇದನ್ನು ಸರಕಾರದ ಮೇಲಣ ವಿಶ್ವಾಸದ ಪ್ರಶ್ನೆಯನ್ನಾಗಿ ಮಾಡಿ ಆ ತೀರ್ಮಾನವನ್ನು ರದ್ದುಗೊಳಿಸಿದನು. ಯುದ್ಧ ಮುಗಿದು ಹತ್ತು ವರ್ಷಗಳಾದಮೇಲೆ, ೧೯೫೫ರಲ್ಲಿ ಸಮಾನ ವೇತನಕ್ಕೆ ಒಪ್ಪಿಗೆ ದೊರೆತು, ೧೯೬೧ರಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದಿತು. ಏಣಿಯನ್ನು ವೇಗವಾಗಿ ಹತ್ತುವ ಮಾತು ಹಾಗಿರಲಿ, ಹತ್ತುವವರಲ್ಲಿ ಬಹುಸಂಖ್ಯಾತರಿಗೆ ಅದೇ ಮೆಟ್ಟಿಲಿಗೆ ಅದೇ ಕೂಲಿ ದೊರೆಯುವುದಕ್ಕೇ ಇಷ್ಟು ಕಾಲ ಹಿಡಿಯಿತು.

ನಿಶ್ಚಿತ ಶ್ರೇಣಿಗೆ ತನ್ನದೇ ಆದ ದೋಷವಿತ್ತು. ಒಬ್ಬ ಸಮರ್ಥ ಉಪಾಧ್ಯಾಯನು ಕೆಲವು ವರ್ಷಗಳಲ್ಲಿ ಶ್ರೇಣಿಯ ತುದಿಯನ್ನು ಮುಟ್ಟಿದಮೇಲೆ ಅವನಿಗೆ ಮುಂದಿನ ದಾರಿಯಿರಲಿಲ್ಲ. ಇದಕ್ಕೆ ಪರಿಹಾರವಾಗಿ ೧೯೫೬ರಿಂದ ವಿಶೇಷ ಜವಾಬ್ದಾರಿಯ ಹುದ್ದೆಗಳಿಗೆ ಹೆಚ್ಚು ಸಂಬಳ ಕೊಡುವ ಕ್ರಮ ವಿಸ್ತಾರಗೊಂಡಿತು. ೧೯೭೧ರಲ್ಲಿ ಐದು ಶ್ರೇಣಿಗಳ ವ್ಯವಸ್ಥೆ ಬಂದಿತು. ಇದರ ಪರಿಣಾಮವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಹೆಚ್ಚು ಸಂಬಳ ಬೇಕಾದವನು ವಿಭಾಗದ ಮುಖ್ಯಸ್ಥನೋ ಉಪ ಮುಖ್ಯೋಪಾಧ್ಯಾಯನೋ ಆಗಬೇಕು. ಹಾಗೆ ಆದಷ್ಟೂ ಅವನು ಮಕ್ಕಳಿಂದ ದೂರವಾಗಬೇಕು. ೧೯೮೭ರ ಶಾಸನ ಬರ್ನ್‌ಹ್ಯಾಮ್ ಸಮಿತಿಯನ್ನೇ ರದ್ದುಮಾಡಿತು; ೧೯೯೧ರಿಂದ ಸಂಬಳದ ವಿಷಯದಲ್ಲಿ ಸಲಹೆ ನೀಡುವ ಅಧಿಕಾರ ಒಂದು ಪುನರ್ವಿಮರ್ಶಾ ಮಂಡಲಿಗೆ ಸೇರಿತು. ಮೇಜಿನ ಒಂದು ಪಕ್ಕದಲ್ಲಿ ಉಪಾಧ್ಯಾಯರಿಗಿದ್ದ ಕುರ್ಚಿ ಇಲ್ಲದಂತಾಯಿತು.

೫

೧೯೯೭ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರಕಾರವು ಈ ಸಮಸ್ಯೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ೧೯೯೮ರಲ್ಲಿ ‘ಅಡ್ವಾನ್ಸ್‌ಡ್ ಸ್ಕಿಲ್ಸ್ ಟೀಚರ್’ ಎಂಬ ಹೊಸ ದರ್ಜೆ ಹುಟ್ಟಿತು. ಹೊರಗಿನಿಂದ ಬಂದ ಪರೀಕ್ಷಕರು ಪಾಠವನ್ನು ಕಂಡು ಒಪ್ಪಿದರೆ, ಆ ಉಪಾಧ್ಯಾಯನಿಗೆ ಪ್ರತ್ಯೇಕವಾದ ಉನ್ನತ ಶ್ರೇಣಿ. ಅವನು ವಾರದಲ್ಲಿ ನಾಲ್ಕು ದಿನಗಳಷ್ಟು ಕಾಲ ತನ್ನ ತರಗತಿಯಲ್ಲಿ ಪಾಠ ಹೇಳಿ, ಒಂದು ದಿನದಷ್ಟು ಕಾಲವನ್ನು ಇತರ ಶಾಲೆಗಳ ಉಪಾಧ್ಯಾಯರಿಗೆ ಮಾರ್ಗದರ್ಶನ ನೀಡಲು ವಿನಿಯೋಗಿಸಬೇಕು. ತರಗತಿಯನ್ನು ಬಿಡದೆ ಮೇಲೇರುವ ದಾರಿಯನ್ನು ಇಂಗ್ಲೆಂಡು ಬಹುಕಾಲದಮೇಲೆ ಮತ್ತೆ ತೆರೆದುದು ಇಲ್ಲಿ.

ಅದೇ ವರ್ಷದ ಡಿಸೆಂಬರಿನಲ್ಲಿ ಸಚಿವ ಡೇವಿಡ್ ಬ್ಲಂಕೆಟ್ ಅವರ ಇಲಾಖೆ ಪ್ರಕಟಿಸಿದ ಹಸುರು ಪತ್ರದಲ್ಲಿ ಇನ್ನೆರಡು ಯೋಜನೆಗಳಿದ್ದುವು. ಒಂದು, ಶ್ರೇಣಿಯ ತುದಿಗೆ ಬಂದ ಉಪಾಧ್ಯಾಯರು ಅರ್ಜಿ ಸಲ್ಲಿಸಿ ದಾಟಬೇಕಾದ ‘ಹೊಸ್ತಿಲು’. ಅದನ್ನು ದಾಟಿದವರಿಗೆ ವರ್ಷಕ್ಕೆ ೨,೦೦೦ ಪೌಂಡುಗಳ ಹೆಚ್ಚಳ. ಮಕ್ಕಳ ಪ್ರಗತಿಯೂ ಪರಿಶೀಲನೆಯ ಅಂಶಗಳಲ್ಲಿ ಒಂದಾಗಿದ್ದುದರಿಂದ, ೧೮೬೨ರ ನೆನಪು ಮತ್ತೆ ಎಚ್ಚತ್ತಿತು. ಉಪಾಧ್ಯಾಯರ ಸಂಘವು ನ್ಯಾಯಾಲಯದ ಮೆಟ್ಟಿಲೇರಿತು. ಸಚಿವರು ವಿಧಿಯುಕ್ತವಾದ ಸಮಾಲೋಚನೆಯ ಕ್ರಮವನ್ನು ಅನುಸರಿಸದೆ ಈ ನಿಯಮಗಳನ್ನು ತಂದರೆಂದು ೨೦೦೦ದ ಜುಲೈಯಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಕ್ರಮವನ್ನು ಸರಿಪಡಿಸಿಕೊಂಡು ಯೋಜನೆ ಮುಂದುವರಿಯಿತು.

ಇದರ ಫಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದವರ ಪೈಕಿ ಶೇಕಡ ೯೭ರಷ್ಟು ಜನ ಹೊಸ್ತಿಲನ್ನು ದಾಟಿದರು. ಎಕ್ಸೆಟರ್ ವಿಶ್ವವಿದ್ಯಾನಿಲಯದ ಟೆಡ್ ರ್‍ಯಾಗ್ ಮತ್ತು ಸಹೋದ್ಯೋಗಿಗಳು ಮುಖ್ಯೋಪಾಧ್ಯಾಯರನ್ನು ವಿಚಾರಿಸಿದಾಗ, ಇದರಿಂದ ತರಗತಿಯ ಬೋಧನೆ ಹೆಚ್ಚು ಬದಲಾಗಲಿಲ್ಲವೆಂಬ ಉತ್ತರವೇ ಪ್ರಧಾನವಾಗಿ ಬಂದಿತು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರಾದರೋ, ಹೊಸ್ತಿಲಿಗೆ ಅರ್ಹರಾದ ಉಪಾಧ್ಯಾಯರ ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿ ನೋಡಿ, ಒಟ್ಟಿನಲ್ಲಿ ಪ್ರಗತಿ ಕಂಡುಬರುತ್ತದೆ, ಆದರೆ ಗಣಿತದ ಉಪಾಧ್ಯಾಯರಲ್ಲಿ ಕಂಡುಬರುವುದಿಲ್ಲ ಎಂದರು. ಇವೆರಡೂ ಪರಸ್ಪರ ವಿರುದ್ಧವೆಂದು ನಾವು ಭಾವಿಸಬೇಕಾಗಿಲ್ಲ. ಬೋಧನೆಯ ಕ್ರಮ ಬದಲಾಗದೆಯೂ ಪರೀಕ್ಷೆಯ ಸಿದ್ಧತೆ ಹೆಚ್ಚಬಹುದು. ಹಾಗಾದುದು ಒಳಿತೇ ಎಂಬ ಪ್ರಶ್ನೆಗೆ ಅಂಕಗಳು ಉತ್ತರ ಹೇಳಲಾರವು.

ಎರಡನೆಯದೇ ‘ಫಾಸ್ಟ್ ಟ್ರ್ಯಾಕ್’. ಮೊದಲು ಹೊಸ ಪದವೀಧರರು ಮತ್ತು ಆಗಲೇ ಪಾಠ ಹೇಳುತ್ತಿದ್ದವರು ಇಬ್ಬರಿಗೂ ಇದರ ಬಾಗಿಲು ತೆರೆದಿತ್ತು. ಕಠಿಣವಾದ ಆಯ್ಕೆ, ಆಯ್ದ ಹೊಸಬರಿಗೆ ೫,೦೦೦ ಪೌಂಡುಗಳ ಪ್ರೋತ್ಸಾಹ ಧನ, ವಿಶೇಷ ತರಬೇತಿ, ಒಂದು ಶಾಲೆಯಿಂದ ಇನ್ನೊಂದಕ್ಕೆ, ಒಂದು ಹುದ್ದೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುವ ನಿರೀಕ್ಷೆ. ಮೊದಲ ತಂಡ ೨೦೦೧ರಲ್ಲಿ ಸೇರಿತು. ಸಿವಿಲ್ ಸರ್ವಿಸಿನಲ್ಲಿಯೂ ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿಯೂ ರೂಢಿಯಲ್ಲಿದ್ದ ಕ್ರಮವನ್ನು ಇಲ್ಲಿ ಶಾಲೆಗೆ ತಂದರೆಂಬುದು ಸ್ಪಷ್ಟ. ಆದರೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಕುರ್ಚಿ ಬದಲಾಯಿಸಿದವನು ಬಿಟ್ಟುಹೋಗುವುದು ಕಡತಗಳನ್ನು. ಉಪಾಧ್ಯಾಯನು ಬಿಟ್ಟುಹೋಗುವುದು ಮಕ್ಕಳನ್ನು. ಸಹೋದ್ಯೋಗಿಗಳ ನಡುವೆ ಮೊದಲೇ ಗುರುತು ಹಚ್ಚಿ ಕಳುಹಿಸಿದ ‘ಆಯ್ದವರು’ ಎಂಬ ಭೇದವನ್ನು ಶಿಕ್ಷಕರ ಕೊಠಡಿ ಸುಲಭವಾಗಿ ಸಹಿಸಲಿಲ್ಲ. ಸೇರಿದವರ ಸಂಖ್ಯೆ ಉದ್ದೇಶಿಸಿದ್ದಕ್ಕಿಂತ ಬಹಳ ಕಡಮೆಯಾಯಿತು. ಆ ದಶಕದ ಉತ್ತರಾರ್ಧದಲ್ಲಿ ಹೊಸ ಪದವೀಧರರನ್ನು ಬಿಟ್ಟು, ವೃತ್ತಿಯಲ್ಲಿರುವ ಉಪಾಧ್ಯಾಯರಿಗೆ ಮಾತ್ರ ಅದನ್ನು ಸೀಮಿತಗೊಳಿಸಲಾಯಿತು. ದಶಕ ಮುಗಿಯುವ ಹೊತ್ತಿಗೆ ಮುಖ್ಯೋಪಾಧ್ಯಾಯರ ಹುದ್ದೆಗೇ ನೇರವಾಗಿ ಸಿದ್ಧಗೊಳಿಸುವ ಬೇರೆ ಯೋಜನೆಗಳು ಅದರ ಸ್ಥಾನವನ್ನು ಆಕ್ರಮಿಸಿದುವು.

೨೦೧೩ರ ಸೆಪ್ಟೆಂಬರಿನಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದುವು. ಅಡ್ವಾನ್ಸ್‌ಡ್ ಸ್ಕಿಲ್ಸ್ ಟೀಚರ್ ದರ್ಜೆ ರದ್ದಾಯಿತು. ಸೇವಾವಧಿಗನುಸಾರವಾದ ವಾರ್ಷಿಕ ಬಡ್ತಿಯನ್ನು ತೆಗೆದು, ಪ್ರತಿಯೊಬ್ಬ ಉಪಾಧ್ಯಾಯನ ವೇತನವನ್ನೂ ಅವನ ಕಾರ್ಯಸಾಧನೆಗೆ ಜೋಡಿಸಬೇಕೆಂದು ಶಾಲೆಗಳಿಗೆ ಕಟ್ಟಳೆಯಾಯಿತು. ಹನ್ನೊಂದು ವರ್ಷಗಳಾದಮೇಲೆ, ೨೦೨೪ರ ಸೆಪ್ಟೆಂಬರಿನಿಂದ, ಈ ಕಡ್ಡಾಯವನ್ನೂ ಹಿಂತೆಗೆದುಕೊಳ್ಳಲಾಯಿತು.

೬

ಮೇಲೆ ಹೇಳಿದ ಸಂಗತಿಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ.

ಮೊದಲನೆಯದಾಗಿ, ಬಡ್ತಿಯನ್ನು ಉಪಾಧ್ಯಾಯನ ಕಲಿಕೆಗೆ ಕಟ್ಟಿದ ೧೮೪೬ರ ಯೋಜನೆಯು, ಅದನ್ನು ಮಗುವಿನ ಅಂಕಕ್ಕೆ ಕಟ್ಟಿದ ೧೮೬೨ರ ಯೋಜನೆಗಿಂತ ಹೆಚ್ಚು ಒಳ್ಳೆಯ ಉಪಾಧ್ಯಾಯರನ್ನು ಸೃಷ್ಟಿಸಿತು. ಅದನ್ನು ನಿಲ್ಲಿಸಿದುದು ವೆಚ್ಚದ ಭಯ, ಅದರ ವೈಫಲ್ಯವಲ್ಲ. ಎರಡನೆಯದಾಗಿ, ಅನ್ಯಾಯದ ಅಳತೆಗೆ ಉತ್ತರವಾಗಿ ಬಂದ ಸೇವಾವಧಿಯ ಶ್ರೇಣಿಯು ಗೌರವವನ್ನು ಕಾಪಾಡಿತಾದರೂ, ಸಮರ್ಥನಿಗೆ ತರಗತಿಯೊಳಗೇ ಬೆಳೆಯುವ ದಾರಿಯನ್ನು ತೋರಲಿಲ್ಲ. ಮೂರನೆಯದಾಗಿ, ಆ ದಾರಿಯನ್ನು ತೋರಿದ ಅಡ್ವಾನ್ಸ್‌ಡ್ ಸ್ಕಿಲ್ಸ್ ಟೀಚರ್ ದರ್ಜೆ ಹದಿನೈದು ವರ್ಷಗಳಲ್ಲಿ ಅಳಿಯಿತು. ಆಡಳಿತದ ಕಡೆಗೆ ಒಯ್ಯುವ ಶೀಘ್ರ ಮಾರ್ಗಗಳಾದರೋ ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಹುಟ್ಟಿದುವು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. ಡಿ. ಪಿ. ಚಟ್ಟೋಪಾಧ್ಯಾಯರ ಅಧ್ಯಕ್ಷತೆಯ ಆಯೋಗವು ೧೯೮೫ರಲ್ಲಿ ವರದಿ ನೀಡಿದಮೇಲೆ, ಕೇಂದ್ರ ಸರಕಾರದ ಶಾಲೆಗಳ ಉಪಾಧ್ಯಾಯರಿಗೆ ಹನ್ನೆರಡು ವರ್ಷಗಳ ಸೇವೆಗೆ ಹಿರಿಯ ಶ್ರೇಣಿಯೂ ಮತ್ತೆ ಹನ್ನೆರಡು ವರ್ಷಗಳಿಗೆ ಮಿತಸಂಖ್ಯೆಯಲ್ಲಿ ಆಯ್ಕೆ ಶ್ರೇಣಿಯೂ ಏರ್ಪಟ್ಟುವು. ಕರ್ನಾಟಕದಲ್ಲಿ ೧೯೮೩ರ ನಿಯಮಗಳಿಂದ ಬಂದ ಕಾಲಬದ್ಧ ಬಡ್ತಿ ಉಪಾಧ್ಯಾಯರೆಲ್ಲರೂ ಬಲ್ಲ ಮಾತು. ನಾವು ಕಾಲವನ್ನು ನಂಬಿದೆವು; ಇಂಗ್ಲೆಂಡು ಅಳತೆಯನ್ನು ನಂಬಿತು. ಕಾಲವು ಯಾರನ್ನೂ ಅವಮಾನಿಸುವುದಿಲ್ಲ, ಆದರೆ ಯಾರನ್ನೂ ಗುರುತಿಸುವುದೂ ಇಲ್ಲ. ಅಳತೆಯು ಗುರುತಿಸುತ್ತದೆ, ಆದರೆ ಅಳೆಯಲು ಸುಲಭವಾದುದನ್ನೇ ಹುಡುಕುತ್ತದೆ.

ಈಗ ಬಡ್ತಿಯ ಹೊಸ ಯೋಜನೆಗಳನ್ನು ರೂಪಿಸುವವರು ಯಾವುದೇ ದೇಶದವರಾಗಲಿ, ಅವರ ಮುಂದೆ ಇತಿಹಾಸವು ಇಡುವ ಪ್ರಶ್ನೆ ಒಂದೇ: ಇಪ್ಪತ್ತೈದು ವರ್ಷ ಮೂರನೆಯ ತರಗತಿಗೆ ಚೆನ್ನಾಗಿ ಪಾಠ ಹೇಳಿ, ಅದೇ ತರಗತಿಯಲ್ಲಿ ಉಳಿಯಲು ಬಯಸುವ ಉಪಾಧ್ಯಾಯಿನಿಗೆ ನಿಮ್ಮ ಏಣಿಯಲ್ಲಿ ಮೆಟ್ಟಿಲಿದೆಯೆ? ಈ ಪ್ರಶ್ನೆಗೆ ಹೌದೆಂದು ಉತ್ತರಿಸಲಾಗದ ಯೋಜನೆಯು ಅಧಿಕಾರಿಗಳನ್ನು ತಯಾರಿಸಬಹುದು. ಉಪಾಧ್ಯಾಯ ವೃತ್ತಿಯನ್ನು ಮೇಲೆತ್ತಲಾರದು.